ಒಸಾಕಾದ ಸುಮಿಯೋಶಿ: ಕಡಲ ದೇವರಿಗೆ ಕೈ ಮುಗಿಯಲು ಹೊರಟವರಿಗೆ

ಪ್ರಶ್ನೆ: ನಾವು ಮಲ್ಪೆ ಕಡೆಯವರು, ಮೀನುಗಾರರ ಮನೆತನ. ಮಗಳು ಒಸಾಕಾದಲ್ಲಿ ಕೆಲಸದಲ್ಲಿದ್ದಾಳೆ. ಜುಲೈ ಕೊನೆಗೆ ನಾನೂ ಅಮ್ಮನೂ ಅಲ್ಲಿಗೆ ಹೊರಟಿದ್ದೇವೆ. ಜಪಾನಿನಲ್ಲೂ ಕಡಲ ದೇವರ ಗುಡಿ ಇದೆಯಂತೆ, ಒಮ್ಮೆ ಕೈ ಮುಗಿದು ಬರೋಣ ಅಂತ ಅಮ್ಮನ ಆಸೆ. ಎಲ್ಲರೂ ಹಿರೋಶಿಮಾ ಹತ್ತಿರದ ಮಿಯಾಜಿಮಾ ದ್ವೀಪಕ್ಕೆ ಹೋಗಿ ಅನ್ನುತ್ತಾರೆ, ಆದರೆ ಅಮ್ಮನಿಗೆ ಮಂಡಿ ನೋವು. ಬೇರೆ ಧರ್ಮದವರನ್ನು ಅಲ್ಲಿ ಬಿಡುತ್ತಾರಾ? ಕಾಯಿ, ಹೂವು ತೆಗೆದುಕೊಂಡು ಹೋಗಬಹುದಾ? ಅಮ್ಮನ ಅಣ್ಣ ತೀರಿಕೊಂಡು ಸೂತಕ ಕಳೆದಿದೆ, ಆದರೆ ಇನ್ನೂ ವರ್ಷ ತುಂಬಿಲ್ಲ. ಹೋದರೆ ತಪ್ಪಾಗುತ್ತದಾ?

ಉತ್ತರ: ಖಂಡಿತ ಹೋಗಿ. ಬೇರೆ ಧರ್ಮದವರು ಅಂತ ಯಾರೂ ತಡೆಯುವುದಿಲ್ಲ, ಹೆಸರು, ಊರು, ಜಾತಿ ಯಾವುದನ್ನೂ ಕೇಳುವುದಿಲ್ಲ. ಅಮ್ಮನನ್ನು ಅಷ್ಟು ದೂರ ಮಿಯಾಜಿಮಾಕ್ಕೆ ಕರೆದುಕೊಂಡು ಹೋಗುವ ಅಗತ್ಯವೂ ಇಲ್ಲ. ಒಸಾಕಾ ನಗರದೊಳಗೇ, ನಂಬಾ ನಿಲ್ದಾಣದಿಂದ ರೈಲಿನಲ್ಲಿ ಹತ್ತು ನಿಮಿಷದ ದಾರಿಯಲ್ಲಿ ಸುಮಿಯೋಶಿ ತೈಶಾ ಇದೆ. ಜಪಾನಿನಾದ್ಯಂತ ಸುಮಾರು 2,300 ಸುಮಿಯೋಶಿ ಗುಡಿಗಳಿವೆ. ಅವೆಲ್ಲಕ್ಕೂ ಇದೇ ಮೂಲಸ್ಥಾನ. ಹಡಗಿನವರು, ಬೆಸ್ತರು, ಸಮುದ್ರ ದಾಟಿ ವ್ಯಾಪಾರ ಮಾಡುವವರು ನೂರಾರು ವರ್ಷದಿಂದ ನಡೆದುಕೊಂಡು ಬಂದ ಜಾಗ. ನಿಮ್ಮ ಮನೆತನದವರಿಗೆ ಇದಕ್ಕಿಂತ ಸರಿಯಾದ ಗುಡಿ ನನಗೆ ಹೊಳೆಯುವುದಿಲ್ಲ.

ಮೊದಲು ಸೂತಕದ ಮಾತು. ನಿಮ್ಮ ಪ್ರಶ್ನೆಗಳಲ್ಲಿ ಅದೇ ಮುಖ್ಯ. ಜಪಾನಿನ ಮೂಲ ಧರ್ಮವಾದ ಶಿಂತೋ ಪದ್ಧತಿಯಲ್ಲೂ ಸಾವಿನ ಮೈಲಿಗೆ ಇದೆ. ತುಂಬ ಹತ್ತಿರದವರು, ಅಂದರೆ ತಂದೆ ತಾಯಿ, ಗಂಡ ಹೆಂಡತಿ ತೀರಿಕೊಂಡರೂ ಅದು ಹೆಚ್ಚೆಂದರೆ 50 ದಿನ. ಅಷ್ಟು ದಿನ ಜನ ಗುಡಿಯ ಕಡೆ ಹೋಗುವುದಿಲ್ಲ, ತೊರೀ ದಾಟುವುದಿಲ್ಲ. ತೊರೀ ಅಂದರೆ ಗುಡಿಯ ಮುಂದೆ ನಿಲ್ಲಿಸಿರುವ ಎರಡು ಕಂಬ, ಎರಡು ಅಡ್ಡತೊಲೆಯ ದ್ವಾರ. 50 ದಿನ ಕಳೆದ ಮೇಲೆ ಯಾವ ಅಡ್ಡಿಯೂ ಇಲ್ಲ. ನಿಮ್ಮ ಮನೆಯಲ್ಲಿ ಅಷ್ಟು ದಿನ ಆಗಿದ್ದರೆ ಅಮ್ಮ ಮನಸ್ಸಿನಲ್ಲಿ ಅಳುಕು ಇಟ್ಟುಕೊಳ್ಳಬೇಕಿಲ್ಲ. ಇನ್ನೂ ಆಗಿಲ್ಲ ಅಂದರೆ ಅಷ್ಟು ದಿನ ತಡೆದು ಹೋಗಿ.

ಅಷ್ಟೇ ಅಲ್ಲ, ಸುಮಿಯೋಶಿ ದೇವರುಗಳು ಹುಟ್ಟಿದ್ದೇ ಸಾವಿನ ಮೈಲಿಗೆ ತೊಳೆದ ನೀರಿನಲ್ಲಿ. ಈ ಕಥೆ ಅಮ್ಮನಿಗೆ ಹೇಳಿ. ಜಪಾನಿನ ಹಳೆಯ ಗ್ರಂಥಗಳಾದ 712ರ ಕೊಜಿಕಿ ಮತ್ತು 720ರ ನಿಹೊನ್ ಶೋಕಿ ಎರಡರಲ್ಲೂ ಇದು ಬರುತ್ತದೆ. ಇಝಾನಾಗಿ ಎಂಬ ದೇವರ ಹೆಂಡತಿ ಇಝಾನಾಮಿ ಬೆಂಕಿಯ ದೇವರನ್ನು ಹೆರುವಾಗ ಸತ್ತು ಹೋಗುತ್ತಾಳೆ. ಇಝಾನಾಗಿ ಅವಳನ್ನು ಹುಡುಕಿಕೊಂಡು ಸತ್ತವರ ಲೋಕಕ್ಕೆ ಹೋಗುತ್ತಾನೆ. ನೋಡಬೇಡ ಅಂದರೂ ನೋಡುತ್ತಾನೆ. ಅವಳ ಮೈ ಕೊಳೆತು ಹುಳ ಹತ್ತಿರುತ್ತದೆ. ಹೆದರಿ ಓಡಿ ಬಂದು, ಮೈಲಿಗೆ ಹೋಗಲಿ ಅಂತ ನೀರಿಗೆ ಇಳಿಯುತ್ತಾನೆ. ನೀರಿನ ತಳದಲ್ಲಿ ಮೈ ತೊಳೆದಾಗ ಒಬ್ಬ ದೇವರು ಹುಟ್ಟುತ್ತಾನೆ, ನಡುನೀರಿನಲ್ಲಿ ತೊಳೆದಾಗ ಇನ್ನೊಬ್ಬ, ಮೇಲ್ನೀರಿನಲ್ಲಿ ತೊಳೆದಾಗ ಮತ್ತೊಬ್ಬ. ಸೊಕೊತ್ಸುತ್ಸುನೊಓ, ನಾಕಾತ್ಸುತ್ಸುನೊಓ, ಉವಾತ್ಸುತ್ಸುನೊಓ ಅಂತ ಅವರ ಹೆಸರು. ಈ ಮೂವರೇ ಸುಮಿಯೋಶಿಯಲ್ಲಿ ಇರುವವರು. ಹಡಗು ಕಾಯುವುದು ಅವರ ಒಂದು ಕೆಲಸ. ಕೊಳೆ ಕಳೆಯುವುದು ಇನ್ನೊಂದು. ಹಾಗಾಗಿ ಅಲ್ಲಿ ನೀವು ಏನು ಕೊಡುತ್ತೀರಿ ಅನ್ನುವುದಕ್ಕಿಂತ, ಹೇಗೆ ಶುದ್ಧವಾಗಿ ಬಂದು ನಿಲ್ಲುತ್ತೀರಿ ಅನ್ನುವುದೇ ದೊಡ್ಡದು. ಗುಡಿಯ ಬಾಗಿಲಿನಿಂದ ಹಬ್ಬದವರೆಗೆ ಎಲ್ಲದರಲ್ಲೂ ಇದೇ ಕಾಣುತ್ತದೆ.

ಈ ಮೂವರ ಜೊತೆ ನಾಲ್ಕನೆಯವಳಾಗಿ ಜಿಂಗೂ ಎಂಬ ರಾಣಿಯನ್ನೂ ಪೂಜಿಸುತ್ತಾರೆ. ಸುಮಿಯೋಶಿ ದೇವರ ನೆರವಿನಿಂದ ಕಡಲು ದಾಟಿ ಕೊರಿಯಾಕ್ಕೆ ಹೋಗಿ ಗೆದ್ದು ಬಂದು, 211ರಲ್ಲಿ ಈ ಗುಡಿಯನ್ನು ಕಟ್ಟಿಸಿದಳು ಅಂತ ಐತಿಹ್ಯ. ಅದು ಇತಿಹಾಸವಲ್ಲ, ನಂಬಿಕೆ. ಅಲ್ಲಿನ ಹಳೆಯ ಪಂಚಾಂಗದಲ್ಲಿ ವರ್ಷ, ತಿಂಗಳು, ದಿನಗಳಿಗೆ ಪ್ರಾಣಿಗಳ ಹೆಸರು. ಮೊಲದ ವರ್ಷ, ಮೊಲದ ತಿಂಗಳು, ಮೊಲದ ದಿನ ಗುಡಿ ಆಯಿತು ಅನ್ನುತ್ತಾರೆ. ಅದಕ್ಕೇ ಅಲ್ಲಿ ಮೊಲಗಳು ಕಾಣುತ್ತವೆ. ಕೈ ತೊಳೆಯುವ ತೊಟ್ಟಿಗೆ ನೀರು ಬೀಳುವುದೂ ಮೊಲದ ಬಾಯಿಂದಲೇ.

ಈಗ ಕಾಯಿ, ಹೂವಿನ ವಿಷಯ. ಊರಿಂದ ಏನೂ ತರಬೇಡಿ. ತಾಜಾ ಹಣ್ಣು, ತರಕಾರಿ, ಹೂವು, ಎಲೆ ಇವನ್ನು ಜಪಾನಿಗೆ ತರಬೇಕಾದರೆ ಸಸ್ಯ ಆರೋಗ್ಯದ ಸರ್ಕಾರಿ ಪ್ರಮಾಣಪತ್ರ ಬೇಕು. ಅದಿಲ್ಲದೆ ವಿಮಾನ ನಿಲ್ದಾಣ ದಾಟಲು ಬಿಡುವುದಿಲ್ಲ. ಮಲ್ಲಿಗೆ ಮುಡಿದುಕೊಂಡು ವಿಮಾನ ಹತ್ತಿದರೆ ಇಳಿಯುವ ಮೊದಲೇ ತೆಗೆದುಬಿಡುವುದು ಒಳ್ಳೆಯದು. ಇನ್ನು ಗುಡಿಯಲ್ಲೂ ಕಾಯಿ ಒಡೆಯುವ, ಹೂವು ಏರಿಸುವ, ದೀಪ ಹಚ್ಚುವ, ಕುಂಕುಮ ಇಡುವ ಕ್ರಮವಿಲ್ಲ. ನೈವೇದ್ಯ ಇಲ್ಲವೇ ಇಲ್ಲ ಅಂತಲ್ಲ. ಅಕ್ಕಿ, ಉಪ್ಪು, ನೀರು, ಸಾಕೆ ಎಂಬ ಅಕ್ಕಿಯ ಮದ್ಯ, ಮೀನು, ಕಡಲ ಪಾಚಿ, ತರಕಾರಿ ಇವನ್ನು ದೇವರ ಮುಂದೆ ಇಡುತ್ತಾರೆ. ಆದರೆ ಇಡುವವರು ಅರ್ಚಕರು. ನಾವು ಹಾಕುವುದು ಮರದ ಪೆಟ್ಟಿಗೆಗೆ ಒಂದು ನಾಣ್ಯ, ಅಷ್ಟೇ. ಐದು ಯೆನ್ ನಾಣ್ಯ ಹಾಕುವುದು ಜನರ ರೂಢಿ. ನಡುವೆ ತೂತಿರುವ ಹಿತ್ತಾಳೆ ಬಣ್ಣದ ನಾಣ್ಯ ಅದು. ಜಾಸ್ತಿ ಹಾಕಿದರೆ ಜಾಸ್ತಿ ಪುಣ್ಯ ಅನ್ನುವ ಲೆಕ್ಕ ಇಲ್ಲಿಲ್ಲ. ಒಳಗೆ ಹೋಗಲು ಟಿಕೆಟ್ ಕೂಡ ಇಲ್ಲ.

ನಂಬಾದಿಂದ ನಾನ್ಕಾಯ್ ಮುಖ್ಯ ಮಾರ್ಗದ ರೈಲು ಹತ್ತಿ ಸುಮಿಯೋಶಿ ತೈಶಾ ನಿಲ್ದಾಣದಲ್ಲಿ ಇಳಿಯಿರಿ. ವೇಗದ ಎಕ್ಸ್‌ಪ್ರೆಸ್ ರೈಲುಗಳು ಅಲ್ಲಿ ನಿಲ್ಲುವುದಿಲ್ಲ, ನೋಡಿ ಹತ್ತಿ. ಅಮ್ಮನಿಗೆ ಇನ್ನೂ ಸುಲಭ ಬೇಕೆಂದರೆ ಟೆನ್ನೋಜಿಯಿಂದ ಹಾನ್ಕಾಯ್ ಟ್ರಾಮ್ ಇದೆ. ರಸ್ತೆಯ ಮಧ್ಯೆ ಹಳಿಯ ಮೇಲೆ ಒಂದೇ ಡಬ್ಬಿ ಗಡಗಡ ಅಂತ ಹೋಗುತ್ತದೆ. ಸುಮಿಯೋಶಿ ತೊರೀಮಾಯೆ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ದೊಡ್ಡ ಕಲ್ಲಿನ ತೊರೀ. ಒಸಾಕಾದಲ್ಲಿ ಉಳಿದಿರುವ ಟ್ರಾಮ್ ಇದೊಂದೇ, ಅದಕ್ಕಾದರೂ ಒಮ್ಮೆ ಹತ್ತಬೇಕು.

ಇಳಿದ ಕೂಡಲೇ ಸಾಲುಸಾಲು ಕಲ್ಲಿನ ದೀಪಸ್ತಂಭಗಳು ಕಾಣುತ್ತವೆ. ಆವರಣದಲ್ಲೆಲ್ಲ ಸೇರಿ ಸುಮಾರು 600 ಇವೆ. ಕೆಲವು ಮನುಷ್ಯನಿಗಿಂತ ಎಷ್ಟೋ ಎತ್ತರ. ಹೆಚ್ಚಿನವನ್ನು ಇಟ್ಟವರು ರಾಜರಲ್ಲ, ವ್ಯಾಪಾರಿಗಳು ಮತ್ತು ಹಡಗಿನವರು. ಎದೋ ಕಾಲದಲ್ಲಿ, ಅಂದರೆ 17ರಿಂದ 19ನೇ ಶತಮಾನದವರೆಗೆ, ಒಸಾಕಾ ಇಡೀ ದೇಶದ ಸರಕು ಬಂದು ಇಳಿಯುವ ಬಂದರು. ನೀಲಿ ಬಣ್ಣದ ವ್ಯಾಪಾರಿಗಳ ಸಂಘ, ಆಟಿಕೆ ವ್ಯಾಪಾರಿಗಳ ಸಂಘ ಹೀಗೆ ಒಂದೊಂದು ಕಸುಬಿನವರು ಚಂದಾ ಎತ್ತಿ, ನಮ್ಮ ಸರಕು ಹೊತ್ತ ಹಡಗು ಮುಳುಗದಿರಲಿ ಅಂತ ಹರಕೆಯಾಗಿ ನಿಲ್ಲಿಸಿದ ಕಂಬಗಳು ಇವು. ಬುಡದ ಕಲ್ಲಿನಲ್ಲಿ ಊರು, ಕಸುಬು, ಕೊಟ್ಟವರ ಹೆಸರು ಕೆತ್ತಿದ್ದಾರೆ. ಮಗಳಿಗೆ ಜಪಾನಿ ಓದಲು ಬಂದರೆ ಒಂದೆರಡು ಓದಿಸಿ. ಬಹಳ ಜನ ಇವನ್ನು ದಾಟಿಕೊಂಡು ಸುಮ್ನೆ ಮುಂದೆ ಹೋಗಿಬಿಡುತ್ತಾರೆ. ನನ್ನ ಮಟ್ಟಿಗೆ ಕಡಲಿಗೂ ಈ ಗುಡಿಗೂ ಇರುವ ನಂಟು ಇಲ್ಲಿ ಕಾಣುವಷ್ಟು ಇನ್ನೆಲ್ಲೂ ಕಾಣುವುದಿಲ್ಲ.

ತೊರೀ ದಾಟುವ ಮೊದಲು ನಿಂತು ಸಣ್ಣದಾಗಿ ತಲೆ ಬಾಗಿಸಿ. ದಾರಿಯ ನಡುವೆ ನಡೆಯಬೇಡಿ, ಅದು ದೇವರು ನಡೆಯುವ ಜಾಗ ಅನ್ನುತ್ತಾರೆ. ಪಕ್ಕಕ್ಕೆ ನಡೆಯಿರಿ.

ಮುಂದೆ ಕೆಂಪು ಬಣ್ಣದ ಕಮಾನು ಸೇತುವೆ ಬರುತ್ತದೆ. ಸೊರಿಹಾಶಿ ಅಂತ ಹೆಸರು. ಉದ್ದ ಸುಮಾರು 20 ಮೀಟರ್, ಎತ್ತರ ಸುಮಾರು 3.6 ಮೀಟರ್. ಚಿತ್ರದಲ್ಲಿ ಚೆಂದ ಕಾಣುತ್ತದೆ, ಕಾಲಿಗೆ ಕಷ್ಟ. ಏರುವುದಕ್ಕಿಂತ ಇಳಿಯುವುದೇ ಕಷ್ಟ. ಇದನ್ನು ದಾಟಿದರೇ ಮೈಲಿಗೆ ಕಳೆಯುತ್ತದೆ ಅನ್ನುವ ನಂಬಿಕೆ ಇದೆ. ಹಾಗಂತ ಮಂಡಿ ನೋವಿನ ಅಮ್ಮನನ್ನು ಹತ್ತಿಸಬೇಡಿ. ಪಕ್ಕದಲ್ಲಿ ಸಮತಟ್ಟಾದ ದಾರಿ ಇದೆ, ಅಲ್ಲಿನ ವಯಸ್ಸಾದವರೂ ಅದರಲ್ಲೇ ಹೋಗುತ್ತಾರೆ. ಮೈಲಿಗೆ ಕಳೆಯಲು ಮುಂದೆ ನೀರಿನ ತೊಟ್ಟಿ ಇದ್ದೇ ಇದೆ.

ಆ ತೊಟ್ಟಿಯ ಹತ್ತಿರ ಅವಸರ ಮಾಡಬೇಡಿ. ಸೌಟಿನಂಥ ಉದ್ದ ಹಿಡಿಯ ಮರದ ಪಾತ್ರೆ ಇಟ್ಟಿರುತ್ತಾರೆ. ಬಲಗೈಯಲ್ಲಿ ಹಿಡಿದು ತುಂಬ ನೀರು ತೆಗೆದುಕೊಳ್ಳಿ. ಎಲ್ಲವೂ ಆ ಒಂದು ಸೌಟು ನೀರಿನಲ್ಲೇ ಮುಗಿಯಬೇಕು. ಮೊದಲು ಎಡಗೈ ತೊಳೆಯಿರಿ. ಕೈ ಬದಲಿಸಿ ಬಲಗೈ ತೊಳೆಯಿರಿ. ಮತ್ತೆ ಬಲಗೈಯಲ್ಲಿ ಹಿಡಿದು ಎಡ ಅಂಗೈಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ. ಸೌಟಿಗೆ ನೇರವಾಗಿ ಬಾಯಿ ಹಚ್ಚಬಾರದು, ನೀರು ನುಂಗಬಾರದು, ಮುಕ್ಕಳಿಸಿದ್ದನ್ನು ತೊಟ್ಟಿಯೊಳಗೆ ಉಗುಳಬಾರದು, ಕೆಳಗಿನ ಮೋರಿಗೆ ಬಿಡಬೇಕು. ಎಡಗೈ ಇನ್ನೊಮ್ಮೆ ತೊಳೆದು, ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿ ಹಿಡಿದರೆ ಉಳಿದ ನೀರು ಹಿಡಿಯ ಮೇಲೆ ಹರಿದು ಮುಂದಿನವರಿಗೆ ಅದೂ ಶುದ್ಧವಾಗುತ್ತದೆ. ಕೋವಿಡ್ ಬಂದ ಮೇಲೆ ಹಲವು ಗುಡಿಗಳಲ್ಲಿ ಸೌಟು ತೆಗೆದುಬಿಟ್ಟಿದ್ದಾರೆ. ಸೌಟು ಕಾಣದಿದ್ದರೆ ಬೀಳುವ ನೀರಿಗೇ ಕೈ ಒಡ್ಡಿದರೆ ಆಯಿತು. ಇಝಾನಾಗಿ ನೀರಿಗಿಳಿದು ಮಾಡಿದ್ದನ್ನೇ ಇಲ್ಲಿ ಪ್ರತಿಯೊಬ್ಬರೂ ಒಂದು ಸೌಟು ನೀರಿನಲ್ಲಿ ಮಾಡುತ್ತಾರೆ. ಅಮ್ಮನಿಗೆ ಇದು ಹೊಸದೆನಿಸುವುದಿಲ್ಲ. ಕಾಲು ತೊಳೆಯದೆ ಗುಡಿಯೊಳಗೆ ಹೋಗದವರಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ, ಅಲ್ವಾ?

ಮುಂದಿನ ಕಲ್ಲಿನ ತೊರೀಯ ಕಂಬಗಳನ್ನು ಗಮನಿಸಿ. ಬೇರೆ ಕಡೆ ಕಂಬ ದುಂಡಗಿರುತ್ತದೆ, ಇಲ್ಲಿ ಚೌಕ. ಅದನ್ನು ದಾಟಿದರೆ ಗುಡಿಗಳು. ಒಂದಲ್ಲ, ನಾಲ್ಕು. ಮೊದಲು ಎದುರಾಗುವುದು ಪಕ್ಕಪಕ್ಕ ಇರುವ ಮೂರನೆಯ ಮತ್ತು ನಾಲ್ಕನೆಯ ಗುಡಿ. ಮೂರನೆಯದರ ಹಿಂದೆ ಎರಡನೆಯದು, ಅದರ ಹಿಂದೆ ಮೊದಲನೆಯದು. ನಾಲ್ಕೂ ಪಶ್ಚಿಮಕ್ಕೆ, ಅಂದರೆ ಒಸಾಕಾ ಕೊಲ್ಲಿಯ ಕಡೆ ಮುಖ ಮಾಡಿವೆ. ಕಡಲಿಗೆ ಹೊರಟ ಹಡಗುಗಳ ಸಾಲಿನ ಹಾಗೆ ಕಟ್ಟಿದ್ದಾರೆ ಅನ್ನುತ್ತಾರೆ. ನಮ್ಮ ಕರಾವಳಿಯವರಿಗೆ ಪಶ್ಚಿಮಕ್ಕೆ ಮುಖ ಮಾಡಿದರೆ ಕಡಲು. ಒಸಾಕಾದಲ್ಲೂ ಹಾಗೆಯೇ. ಈಗಿನ ಕಟ್ಟಡಗಳು 1810ರವು, ನಾಲ್ಕೂ ರಾಷ್ಟ್ರೀಯ ಸಂಪತ್ತು ಎಂದು ಘೋಷಣೆಯಾಗಿವೆ. ಹಿನೊಕಿ ಮರದ ತೊಗಟೆಯ ದಪ್ಪ ಮಾಡು, ಕೆಂಪು ಕಂಬ, ಬಿಳಿ ಗೋಡೆ. ಮಾಡಿನ ಅಂಚು ಎಲ್ಲೂ ಬಾಗಿಲ್ಲ, ನೇರವಾಗಿ ಇಳಿದಿದೆ. ಚೀನಾದ ಕಡೆಯಿಂದ ಬೌದ್ಧ ಕಟ್ಟಡಗಳ ಬಾಗಿದ ಮಾಡು ಬರುವುದಕ್ಕಿಂತ ಹಿಂದಿನ ಶೈಲಿ ಇದು.

ಮೊದಲನೆಯ ಗುಡಿಗೆ ಮೊದಲು ಹೋಗುವುದು ರೂಢಿ. ಅಂದರೆ ನೇರ ಹಿಂದಕ್ಕೆ ನಡೆದು, ಅಲ್ಲಿಂದ ಒಂದು, ಎರಡು, ಮೂರು, ನಾಲ್ಕು ಅಂತ ಕೈ ಮುಗಿಯುತ್ತಾ ಬನ್ನಿ. ಚಪ್ಪಲಿ ಬಿಡಬೇಕಿಲ್ಲ, ಏಕೆಂದರೆ ಒಳಗೆ ಹೋಗುವುದೇ ಇಲ್ಲ. ಮುಂದೆ ನಿಂತು ನಾಣ್ಯ ಹಾಕಿ. ಎರಡು ಸಲ ಸೊಂಟ ಬಾಗಿಸಿ ನಮಸ್ಕಾರ. ಎದೆಯ ಮಟ್ಟದಲ್ಲಿ ಎರಡು ಚಪ್ಪಾಳೆ. ಕೈ ಜೋಡಿಸಿಕೊಂಡೇ ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಿ. ಕೊನೆಗೆ ಇನ್ನೊಂದು ನಮಸ್ಕಾರ. ಅಮ್ಮ ಯಾವ ಭಾಷೆಯಲ್ಲಿ ಹೇಳಿಕೊಂಡರೂ ಸರಿ. ಸೊಂಟ ಬಾಗದಿದ್ದರೆ ತಲೆ ಬಾಗಿಸಿದರೂ ಸಾಕು. ಉದ್ದಂಡ ನಮಸ್ಕಾರ ಬೇಡ, ಪ್ರದಕ್ಷಿಣೆಯ ಪದ್ಧತಿಯೂ ಇಲ್ಲ. ಜಪಾನಿಯರು ತಮ್ಮ ಹೆಸರು, ಊರು ಹೇಳಿಕೊಂಡು, ಮೊದಲು ಕೃತಜ್ಞತೆ, ಆಮೇಲೆ ಬೇಡಿಕೆ ಇಡುವುದುಂಟು. ನನಗೆ ಆ ಕ್ರಮ ಬಹಳ ಇಷ್ಟ.

ಇನ್ನೊಂದು ಮಾತು ಮೊದಲೇ ಅಮ್ಮನಿಗೆ ಹೇಳಿಡಿ: ಅಲ್ಲಿ ವಿಗ್ರಹ ಕಾಣುವುದಿಲ್ಲ. ಪರದೆ, ಬಾಗಿಲು, ಅದರಾಚೆ ಮಬ್ಬು ಬೆಳಕು, ಅಷ್ಟೇ. ದೇವರ ಸಾನ್ನಿಧ್ಯವಿರುವ ವಸ್ತು ಒಳಮನೆಯಲ್ಲಿರುತ್ತದೆ, ಯಾರಿಗೂ ತೋರಿಸುವುದಿಲ್ಲ. ದರ್ಶನ ಆಗಲಿಲ್ಲವಲ್ಲ ಅಂತ ಬೇಸರ ಮಾಡಿಕೊಂಡ ನಮ್ಮವರನ್ನು ನಾನು ಕಂಡಿದ್ದೇನೆ. ಮೊದಲೇ ತಿಳಿದಿದ್ದರೆ ಆ ಬೇಸರ ಇರುವುದಿಲ್ಲ. ಆ ಬಾಗಿಲಿಗೆ ನೇರ ಎದುರು ನಿಂತು ಫೋಟೋ ತೆಗೆಯಬೇಡಿ. ಹೊರಗೆ ಎಷ್ಟು ಬೇಕಾದರೂ ತೆಗೆಯಿರಿ.

ಹಳೆಯ ಕಾಲದಲ್ಲಿ ಜಪಾನಿನ ರಾಯಭಾರಿಗಳು ಚೀನಾದ ತಾಂಗ್ ರಾಜರ ಬಳಿ ಹೋಗುವ ಮೊದಲು ಸುಮಿಯೋಶಿಯಲ್ಲಿ ಪ್ರಾರ್ಥನೆ ಮಾಡಿ ಹೊರಡುತ್ತಿದ್ದರು. 7ನೇ ಶತಮಾನದಿಂದ 9ನೇ ಶತಮಾನದವರೆಗೆ ನಡೆದ ಪ್ರಯಾಣಗಳು ಅವು. ಎಷ್ಟೋ ಹಡಗುಗಳು ಹಿಂತಿರುಗಲಿಲ್ಲ. ಇಲ್ಲಿನ ಅರ್ಚಕರ ವಂಶವಾದ ತ್ಸುಮೊರಿ ಮನೆತನದವರು ಹಡಗಿನಲ್ಲೇ ಜೊತೆಗೆ ಹೋಗುತ್ತಿದ್ದುದೂ ಉಂಟು. ಜಪಾನಿನ ಅತಿ ಹಳೆಯ ಕವನ ಸಂಗ್ರಹ ಮಾನ್ಯೋಶೂನಲ್ಲಿ, 733ರಲ್ಲಿ ಹೊರಟ ರಾಯಭಾರಿಗಾಗಿ ಹಾಡಿದ ಒಂದು ಕವನವಿದೆ. ಸುಮಿಯೋಶಿಯ ದೇವರೇ ಹಡಗಿನ ಮೂತಿಯಲ್ಲೂ ಹಿಂಬದಿಯಲ್ಲೂ ನಿಂತು, ತಂಗುವ ಪ್ರತಿ ಬಂದರಿನಲ್ಲೂ ಕಾದು, ಅವರನ್ನು ವಾಪಸ್ ಕರೆತರಲಿ ಅಂತ ಅದರ ಸಾರ. ಬೋಟು ಹೊರಟಾಗ ನಿಮ್ಮ ಮನೆಯ ಹೆಂಗಸರು ಬೇಡಿಕೊಂಡಿರುವುದೂ ಇದನ್ನೇ ತಾನೇ.

ನೀವು ಹೋಗುವ ಸಮಯವೂ ಚೆನ್ನಾಗಿದೆ. ಜುಲೈ 30ರಿಂದ ಆಗಸ್ಟ್ 1ರವರೆಗೆ ಸುಮಿಯೋಶಿಯ ದೊಡ್ಡ ಹಬ್ಬ. ಅದರ ಮೊದಲ ಕೆಲಸ ಜುಲೈ ಮೂರನೇ ಸೋಮವಾರ, ಅಂದರೆ ಜಪಾನಿನ ಸಮುದ್ರ ದಿನದಂದು ನಡೆಯುತ್ತದೆ. ಒಸಾಕಾ ಕೊಲ್ಲಿಯಿಂದ ಸಮುದ್ರದ ನೀರು ತಂದು ದೇವರ ಪಲ್ಲಕ್ಕಿಯನ್ನು ಶುದ್ಧ ಮಾಡುತ್ತಾರೆ. ಜುಲೈ 31ಕ್ಕೆ ಹುಲ್ಲಿನಲ್ಲಿ ಹೆಣೆದ ದೊಡ್ಡ ಬಳೆಯೊಳಗೆ ಹಾದು ಹೋಗುವ ವಿಧಿ. ಆರು ತಿಂಗಳ ಕೊಳೆ ಹೋಗಲಿ ಅಂತ ಅದು. ಆಗಸ್ಟ್ 1ಕ್ಕೆ ಪಲ್ಲಕ್ಕಿ ಯಾಮಾತೋ ನದಿ ದಾಟಿ ಪಕ್ಕದ ಸಕಾಯಿ ಊರಿಗೆ ಹೋಗುತ್ತದೆ. ಒಂದೇ ದಿನ ಬಿಡುವಿದ್ದರೆ ಅಮ್ಮನಿಗಾಗಿ 31ನ್ನು ಆರಿಸಿಕೊಳ್ಳಿ. ಮೆರವಣಿಗೆಯ ದಿನದ ನೂಕುನುಗ್ಗಲು, ಬಿಸಿಲು ಅವರಿಗೆ ಬೇಡ. ಆ ತಿಂಗಳಲ್ಲಿ ಒಸಾಕಾ 35 ಡಿಗ್ರಿ ಮುಟ್ಟುವುದು ಸಾಮಾನ್ಯ, ಸೆಖೆ ಮಲ್ಪೆಗಿಂತ ಕಡಿಮೆಯೇನಲ್ಲ. ಬೇಸಿಗೆಯಲ್ಲಿ ಬಾಗಿಲು ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಸಂಜೆ 5ಕ್ಕೆ ಮುಚ್ಚುತ್ತದೆ. ಬರೀ ದೇವರಿಗೆ ಕೈ ಮುಗಿಯಲು ಹೋಗುವ ದಿನ 8 ಗಂಟೆಯೊಳಗೆ ಮುಗಿಸಿ ಬಂದರೆ ಹಿತ.

ಅರ್ಚಕರಿಂದ ಪ್ರಾರ್ಥನೆ ಮಾಡಿಸಬೇಕೆಂದರೆ ಅದಕ್ಕೆ ಬೇರೆ ಕೌಂಟರ್ ಇದೆ, ಮಗಳು ಮಾತಾಡಿ ಹೆಸರು ಬರೆಸಬಹುದು. ಆಗ ಮಾತ್ರ ಒಳಗೆ ಕೂರಿಸುತ್ತಾರೆ. ನನ್ನ ಕೇಳಿದರೆ ಹೊರಗೆ ನಿಂತು ಕೈ ಮುಗಿದರೂ ಯಾವ ಕೊರತೆಯೂ ಇಲ್ಲ.

ಮನೆಗೆ ಏನಾದರೂ ತರಬೇಕೆಂದರೆ ಅಂಗಡಿಯ ತಾಯತಕ್ಕಿಂತ ಒಂದು ಒಳ್ಳೆಯ ದಾರಿ ಇದೆ. ಮೊದಲನೆಯ ಗುಡಿಯ ದಕ್ಷಿಣಕ್ಕೆ ಗೋಶೋ ಗೋಝೆನ್ ಅಂತ ಕಲ್ಲಿನ ಬೇಲಿ ಹಾಕಿದ ಸಣ್ಣ ಜಾಗ ಇದೆ. ಒಳಗೆಲ್ಲ ಬೆಣಚುಕಲ್ಲು. ಅವುಗಳಲ್ಲಿ ಕೆಲವು ಕಲ್ಲಿನ ಮೇಲೆ ಮಸಿಯಲ್ಲಿ ಒಂದೊಂದು ಅಕ್ಷರ ಬರೆದಿರುತ್ತದೆ. ಒಂದು 'ಐದು', ಒಂದು 'ದೊಡ್ಡ', ಒಂದು 'ಬಲ'. ಬೇಲಿಯ ಸಂದಿನಲ್ಲಿ ಕೈ ತೂರಿಸಿ ಮೂರನ್ನೂ ಹುಡುಕಿ ಸೇರಿಸಿದರೆ ಮೈಬಲ, ಬುದ್ಧಿ, ಭಾಗ್ಯ, ದುಡ್ಡು, ಆಯಸ್ಸು ಈ ಐದು ಸಿಗುತ್ತವೆ ಅನ್ನುವ ನಂಬಿಕೆ. ಅಜ್ಜಿ ಮೊಮ್ಮಗಳು ಸೇರಿ ಹುಡುಕಲಿ. ಬಗ್ಗುವ ಕೆಲಸ ಮೊಮ್ಮಗಳದು. ಆದರೆ ಒಂದು ನಿಯಮ ಇದೆ. ಬೇಡಿದ್ದು ನೆರವೇರಿದ ಮೇಲೆ ಆ ಮೂರು ಕಲ್ಲನ್ನು ವಾಪಸ್ ಇಡಬೇಕು. ಜೊತೆಗೆ ಬೇರೆ ಕಡೆಯ ಮೂರು ಕಲ್ಲಿನ ಮೇಲೆ ಅದೇ ಅಕ್ಷರ ಬರೆದು ಸೇರಿಸಿ ಇಡಬೇಕು. ಮಗಳು ಅಲ್ಲೇ ಇರುವುದರಿಂದ ಕಲ್ಲು ಅವಳ ಹತ್ತಿರವೇ ಇರಲಿ, ತೀರಿಸುವುದು ಸುಲಭ.

ಮಿಯಾಜಿಮಾದ ಬಗ್ಗೆಯೂ ಹೇಳಿಬಿಡುತ್ತೇನೆ. ಅಲ್ಲಿನ ಇತ್ಸುಕುಶಿಮಾ ಗುಡಿ ಚೆಂದವೇ, ಅದರಲ್ಲಿ ಎರಡು ಮಾತಿಲ್ಲ. 1996ರಿಂದ ವಿಶ್ವ ಪರಂಪರೆಯ ತಾಣ. ನೀರಿನಲ್ಲಿ ನಿಂತ 16.6 ಮೀಟರ್ ಎತ್ತರದ ಮರದ ತೊರೀ ತನ್ನ ಭಾರದಿಂದಲೇ ನಿಂತಿದೆ, ನೆಲದಲ್ಲಿ ಹೂತಿಲ್ಲ. ಆದರೆ ಒಸಾಕಾದಿಂದ ಬುಲೆಟ್ ರೈಲು, ಇನ್ನೊಂದು ರೈಲು, ಆಮೇಲೆ ದೋಣಿ. ಭರತವಿದ್ದರೆ ಒಂದು ನೋಟ, ಇಳಿತವಿದ್ದರೆ ಬರೀ ಕೆಸರು. ಹೋಗುವುದೇ ಆದರೆ ಆ ದಿನದ ಭರತದ ಹೊತ್ತು ನೋಡಿಕೊಂಡು, ಒಂದು ರಾತ್ರಿ ಹಿರೋಶಿಮಾದಲ್ಲಿ ಉಳಿಯುವ ಹಾಗೆ ಹೋಗಿ. ಶಿಕೋಕು ದ್ವೀಪದ ಕೊತೊಹಿರಾ ಗುಡಿಯೂ ಹಡಗಿನವರದೇ. ಅಲ್ಲಿ ಹಿಂದೆ ಪೂಜಿಸುತ್ತಿದ್ದ ಕೊಂಪಿರಾ ದೇವರು ಭಾರತದಿಂದ ಬೌದ್ಧರ ಮೂಲಕ ಹೋದ ಕುಂಭೀರ, ಅಂದರೆ ಮೊಸಳೆ. ಕೇಳಿದರೆ ಅಮ್ಮನಿಗೆ ಹೋಗಬೇಕು ಅನ್ನಿಸಬಹುದು. ಆದರೆ ಮುಖ್ಯ ಗುಡಿಗೆ 785 ಮೆಟ್ಟಿಲು. ಮಂಡಿ ನೋವಿನವರಿಗೆ ಅದು ಆಗದ ಮಾತು.

ಒಂದು ವಿಷಯ ಅಮ್ಮ ಖಂಡಿತ ಕೇಳುತ್ತಾರೆ: ಕಡಲು ಎಲ್ಲಿ? ಸುಮಿಯೋಶಿಯಲ್ಲಿ ಈಗ ಕಡಲು ಕಾಣುವುದಿಲ್ಲ. ಹಿಂದೆ ಅಲೆ ಗುಡಿಯ ಹತ್ತಿರಕ್ಕೇ ಬರುತ್ತಿತ್ತು, ದಡದಲ್ಲಿ ಪೈನ್ ಮರಗಳ ಸಾಲಿತ್ತು. ಆಮೇಲೆ ಮಣ್ಣು ತುಂಬಿ ತುಂಬಿ ದಡವನ್ನು ಪಶ್ಚಿಮಕ್ಕೆ ಹಲವು ಕಿಲೋಮೀಟರ್ ತಳ್ಳಿದ್ದಾರೆ. ರೈಲು ನಿಲ್ದಾಣದ ಆಚೆಗಿರುವ ಸುಮಿಯೋಶಿ ಪಾರ್ಕ್ ಮೊದಲು ಗುಡಿಯ ಆವರಣವೇ. ಅದರಾಚೆ ರಸ್ತೆ ಬದಿಯಲ್ಲಿ ಒಂದು ಹಳೆಯ ಮಾದರಿಯ ದೀಪಸ್ತಂಭ ಇದೆ. ಹಡಗುಗಳಿಗೆ ದಾರಿ ತೋರುತ್ತಿದ್ದ ಮೂಲ ಸ್ತಂಭ 1950ರ ಚಂಡಮಾರುತದ ಹೊಡೆತಕ್ಕೆ ಹೋಯಿತು, ಈಗಿನದು 1974ರದು. ಅದರ ಸುತ್ತ ಈಗ ಮನೆಗಳು, ಕಾರುಗಳು.

ಕಡಲಿಗೂ ಕೈ ಮುಗಿಯಬೇಕು ಅಂದರೆ ಅದೇ ನಾನ್ಕಾಯ್ ಮಾರ್ಗದಲ್ಲಿ ದಕ್ಷಿಣಕ್ಕೆ ಹೋಗಿ ನಿಶಿಕಿನೊಹಾಮಾ ನಿಲ್ದಾಣದಲ್ಲಿ ಇಳಿಯಿರಿ. ಸ್ವಲ್ಪ ನಡೆದರೆ ಪೈನ್ ಮರಗಳು, ಮರಳು, ಒಸಾಕಾ ಕೊಲ್ಲಿ. ಹಾಲು, ಹೂವು, ಕಾಯಿ ಮಾತ್ರ ನೀರಿಗೆ ಬಿಡಬೇಡಿ, ಅಲ್ಲಿ ಅದು ಕಸ ಎಸೆದ ಹಾಗೆಯೇ ಲೆಕ್ಕ. ಕೈಯಲ್ಲಿ ನೀರು ಮುಟ್ಟಿ ನಮಸ್ಕಾರ ಮಾಡಿದರೆ ಸಾಕು. ಜುಲೈ, ಆಗಸ್ಟ್‌ನಲ್ಲಿ ಈಜಲು ಬರುವವರ ಗದ್ದಲ ಜಾಸ್ತಿ, ಆದ್ದರಿಂದ ಶನಿವಾರ, ಭಾನುವಾರ ಬಿಟ್ಟು ವಾರದ ದಿನ ಹೋಗಿ. ಬೆಳಿಗ್ಗೆ ಸುಮಿಯೋಶಿ, ನಡುಹೊತ್ತು ಮನೆಯಲ್ಲಿ ವಿಶ್ರಾಂತಿ, ಬಿಸಿಲು ಇಳಿದ ಮೇಲೆ ಕಡಲು, ಹೀಗೆ ಮಾಡಿದರೆ ಅಮ್ಮನಿಗೆ ಆಯಾಸವಾಗುವುದಿಲ್ಲ.